ಶಿಕಾಗೊದ ಹಳೇ ಪೋಲಿಷ್ ಚರ್ಚ್‌ಗಳಿಗೆ ಹೋಗುವವರು ಗಮನಿಸಿ

ಶಿಕಾಗೊಗೆ ಹೋಗುವ ನಮ್ಮ ಕ್ರೈಸ್ತ ಬಂಧುಗಳು ಸಾಮಾನ್ಯವಾಗಿ ಡೌನ್‌ಟೌನ್‌ನ ಕೆಥೆಡ್ರಲ್ ನೋಡಿ ವಾಪಸ್ ಬಂದುಬಿಡುತ್ತಾರೆ. ಹಳೇ ಧರ್ಮಕೇಂದ್ರಗಳ (ಅಂದರೆ ಪ್ಯಾರಿಷ್, ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಜನ) ಬದುಕು ನೋಡುವ ಆಸೆ ಇದ್ದರೆ ಒಂದು ಭಾನುವಾರ ಬೆಳಗ್ಗೆ ಬ್ಲೂ ಲೈನ್ ರೈಲು ಹತ್ತಿ ಡಿವಿಷನ್ ಸ್ಟೇಷನ್‌ನಲ್ಲಿ ಇಳಿಯಿರಿ. ಭಾನುವಾರವೇ ಹೋಗಿ. ಬೇರೆ ದಿನ ಸುಮ್ನೆ ಕಟ್ಟಡ ನೋಡಿ ಬರಬೇಕಾಗುತ್ತದೆ.

ಮೊದಲು ಸೇಂಟ್ ಸ್ಟಾನಿಸ್ಲಾಸ್ ಕೋಸ್ಟ್ಕಾ. ಇದು 1867ರಲ್ಲಿ ಶುರುವಾದ ಧರ್ಮಕೇಂದ್ರ. 1890ರ ದಶಕದಲ್ಲಿ ಇಲ್ಲಿ ಸುಮಾರು 40,000 ಜನರಿದ್ದರಂತೆ, ಹೆಚ್ಚುಕಮ್ಮಿ ಎಲ್ಲರೂ ಪೋಲಿಷರು. ಆಮೇಲೆ ಅವರು ಉಪನಗರಗಳಿಗೆ ಹೋದರು, ಸ್ಪ್ಯಾನಿಷ್ ಮಾತಾಡುವ ಪೋರ್ಟೊರಿಕೊದವರು ಬಂದರು. ಈಗ ಬಾಡಿಗೆ ಏರಿ, ಒಳ್ಳೇ ಸಂಬಳದ ಹುಡುಗ ಹುಡುಗಿಯರು ಜಾಸ್ತಿ. ಕೆನಡಿ ಹೆದ್ದಾರಿಯ ನಕ್ಷೆ ಮೊದಲು ಈ ಚರ್ಚಿನ ಮೇಲೇ ಹಾದುಹೋಗುತ್ತಿತ್ತು. ಧರ್ಮಕೇಂದ್ರದವರು ಹಟ ಹಿಡಿದು ರಸ್ತೆಯನ್ನೇ ಪಕ್ಕಕ್ಕೆ ಸರಿಸಿದರು. ಚರ್ಚಿನ ಹಿಂದೆ ಹೋಗಿ ನಿಂತರೆ ಎಷ್ಟು ಹತ್ತಿರದಲ್ಲಿ ಉಳಿದುಕೊಂಡಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಪೋಲಿಷ್, ಸ್ಪ್ಯಾನಿಷ್, ಇಂಗ್ಲಿಷ್ ಮೂರರಲ್ಲೂ ಪೂಜೆ ನಡೆಯುತ್ತದೆ. ಸ್ಪ್ಯಾನಿಷ್ ಪೂಜೆ ತಪ್ಪಿಸಬೇಡಿ. ಈ ಪೀಠದ ಮುಂದೆ ಮಕ್ಕಳು ಮರಿ ಕಟ್ಟಿಕೊಂಡು ಬಂದು ಮಂಡಿಯೂರುವವರೂ ಇಲ್ಲಿನ ಸಂಪ್ರದಾಯದ ವಾರಸುದಾರರೇ ಅಲ್ವಾ?

ಪೂರ್ತಿ ಪೋಲಿಷ್ ವಾತಾವರಣವೇ ಬೇಕು ಅಂದರೆ ಹತ್ತಿರದಲ್ಲೇ ಹೋಲಿ ಟ್ರಿನಿಟಿ ಇದೆ. ಒಂದು ಕಾಲದಲ್ಲಿ ಈ ಎರಡು ಚರ್ಚಿನವರಿಗೂ ಜೋರು ಜಗಳವಿತ್ತು.

ಅಲ್ಲಿಂದ ದಕ್ಷಿಣಕ್ಕೆ ಅರ್ಧ ಗಂಟೆಯೊಳಗೆ ನಡೆದು ಸೇಂಟ್ ಜಾನ್ ಕ್ಯಾಂಟಿಯಸ್ ತಲುಪಬಹುದು. ನಡೆಯಲಾಗದವರಿಗೆ ಬ್ಲೂ ಲೈನ್‌ನ ಶಿಕಾಗೊ ಸ್ಟೇಷನ್ ಹತ್ತಿರ. ನನ್ನನ್ನು ಕೇಳಿದರೆ ಜಾಸ್ತಿ ಹೊತ್ತು ಇಲ್ಲೇ ಇರಿ. 1898ರ ಈ ಚರ್ಚ್ ಜನರಿಲ್ಲದೆ ಮುಚ್ಚುವ ಹಂತಕ್ಕೆ ಬಂದಿತ್ತು. 1988ರಿಂದ ಲ್ಯಾಟಿನ್ ಪೂಜೆ, ಹಳೇ ಸಂಗೀತ ಶುರುವಾಯಿತು, ದೂರದೂರದಿಂದ ಜನ ಬರತೊಡಗಿದರು. ನನ್ನ ಪಕ್ಕ ಕೂತಿದ್ದ ಅಜ್ಜಿ ಪ್ರತಿ ವಾರ ಮಗನ ಕಾರಿನಲ್ಲಿ ಉಪನಗರದಿಂದ ಬರುತ್ತಾರಂತೆ. ನಾನು ಪುಸ್ತಕದಲ್ಲಿ ತಡಕಾಡುವುದನ್ನು ನೋಡಿ, ಮಾತಾಡದೆ ಸರಿಯಾದ ಪುಟ ತೆಗೆದು ಸಾಲಿನ ಮೇಲೆ ಬೆರಳಿಟ್ಟರು. ಪೂಜೆ ಮುಗಿಯುವವರೆಗೂ ಹೀಗೇ ದಾರಿ ತೋರಿಸಿದರು. ನಾನು ಹುಡುಕಿಕೊಂಡು ಹೋಗಿದ್ದು ಇದನ್ನೇ. ಸುತ್ತಲಿನ ಬೀದಿಯಲ್ಲಿ ಈಗ ಅವರ ಮನೆಯಿಲ್ಲ, ಆದರೆ ಧರ್ಮಕೇಂದ್ರ ಅವರದೇ.

ಇಲ್ಲಿನ ಹಳೇ ಕ್ರಮದ ಪೂಜೆಯಲ್ಲಿ (1960ರ ದಶಕದ ಸುಧಾರಣೆಗಳಿಗೂ ಮುಂಚಿನ ಲ್ಯಾಟಿನ್ ಪೂಜೆ) ಪರಮಪ್ರಸಾದವನ್ನು, ಅಂದರೆ ಗುರುಗಳು ಕೊಡುವ ಪವಿತ್ರ ರೊಟ್ಟಿಯನ್ನು, ಮಂಡಿಯೂರಿ ನಾಲಿಗೆಯ ಮೇಲೆ ತೆಗೆದುಕೊಳ್ಳಬೇಕು. ಕೈ ಚಾಚಬೇಡಿ. "ಆಮೆನ್" ಅನ್ನುವ ಅಗತ್ಯವೂ ಇಲ್ಲ, ಅದನ್ನು ಗುರುಗಳೇ ಹೇಳುತ್ತಾರೆ. ಹೆಂಗಸರು ತಲೆ ಮೇಲೆ ವೇಲ್ ಹಾಕಿರುವುದು ಕಾಣಿಸುತ್ತದೆ, ಕಡ್ಡಾಯವಲ್ಲ. ಇನ್ನೊಂದು ಮುಖ್ಯ ವಿಷಯ: ಶಿಕಾಗೊ ಮಹಾಧರ್ಮಪ್ರಾಂತ್ಯ (ಇಲ್ಲಿನ ಕಥೋಲಿಕ ಚರ್ಚ್‌ಗಳ ಮೇಲಾಡಳಿತ) 2022ರಲ್ಲಿ ತಂದ ನಿಯಮದಂತೆ ತಿಂಗಳ ಮೊದಲ ಭಾನುವಾರ, ಕ್ರಿಸ್ಮಸ್, ಈಸ್ಟರ್‌ಗಳಂದು ಹಳೇ ಕ್ರಮದ ಪೂಜೆ ಇಲ್ಲ. ಟಿಕೆಟ್ ಮಾಡಿಸುವ ಮೊದಲೇ ಕ್ಯಾಲೆಂಡರ್ ನೋಡಿಕೊಳ್ಳಿ.

ಪೂಜೆ ಮುಗಿದ ತಕ್ಷಣ ಹೊರಡಬೇಡಿ. ಬಾಗಿಲ ಹತ್ತಿರ ಬುಲೆಟಿನ್ ಇಟ್ಟಿರುತ್ತಾರೆ, ತಪ್ಪದೆ ತೆಗೆದುಕೊಳ್ಳಿ. ಯಾರ ಹೆಸರಲ್ಲಿ ಪೂಜೆ, ಯಾವ ಹಬ್ಬ, ಗಾಯನ ಮಂಡಳಿಯ ಅಭ್ಯಾಸ ಯಾವಾಗ ಎಲ್ಲ ಅದರಲ್ಲಿರುತ್ತದೆ. ಇದೇ ಭಾಗದ ಸೇಂಟ್ ಬೋನಿಫೇಸ್ ಚರ್ಚ್ 1990ರಲ್ಲಿ ಮುಚ್ಚಿ, ಈಗ ಅಪಾರ್ಟ್‌ಮೆಂಟ್ ಆಗಿದೆ. ಕೆಲವು ವರ್ಷಗಳಿಂದ ಧರ್ಮಕೇಂದ್ರಗಳನ್ನು ಒಂದಕ್ಕೊಂದು ಸೇರಿಸುತ್ತಲೂ ಇದ್ದಾರೆ. ಹಾಗಾಗಿ ಹಳೇ ಗೈಡ್ ಪುಸ್ತಕದಲ್ಲಿರುವ ಪೂಜಾ ಸಮಯ ನಂಬಬೇಡಿ. ಹೋಗುವ ವಾರವೇ ಆಯಾ ಚರ್ಚಿನ ವೆಬ್‌ಸೈಟ್‌ನಲ್ಲಿ ನೋಡಿಕೊಂಡು ಹೊರಡಿ.