ನಿಂತ ಗೆರೆ, ಮಲಗಿದ ಟ್ಯೂಬ್

ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದು ಪಿಕ್ಚರ್ ಟ್ಯೂಬ್ ಟಿವಿಗಳು ಮನೆಗಳಿಂದ ಗುಜರಿಗೆ ಹೋಗುತ್ತಿದ್ದ ಕಾಲದಲ್ಲಿ. ಲ್ಯಾಬಿನಲ್ಲಿ ಮುಚ್ಚಳ ತೆಗೆದಿಟ್ಟ ಒಂದು ಟಿವಿ ಇತ್ತು. ಅದನ್ನು ದೂರದಿಂದ ನೋಡಿ, ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡಿದ್ದೆವು ಅಷ್ಟೇ. ಆಮೇಲೆ ಮದುವೆ, ಅಮೆರಿಕ, ಮನೆಯಲ್ಲಿ ಸುಮ್ನೆ ಕೂತ ಕೆಲವು ವರ್ಷ. ವರ್ಕ್ ಪರ್ಮಿಟ್ ಬಂದ ಮೇಲೆ ಶಿಕಾಗೋ ಪಕ್ಕದ ಊರಿನಲ್ಲಿ ಹಳೇ ಆರ್ಕೇಡ್ ಯಂತ್ರಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು.

ಆರ್ಕೇಡ್ ಯಂತ್ರ ಅಂದರೆ ಕಾಸು ಹಾಕಿ ನಿಂತು ಆಡುವ, ಆಳೆತ್ತರದ ಬೀರುವಿನಂಥ ವಿಡಿಯೊ ಗೇಮು. ಶಿಕಾಗೋ ಇವುಗಳ ದೊಡ್ಡ ಊರು. ಗೇಮು ಮಾಡುತ್ತಿದ್ದ ಮಿಡ್ವೇ, ವಿಲಿಯಮ್ಸ್, ಮಾನಿಟರ್ ಮಾಡುತ್ತಿದ್ದ ವೆಲ್ಸ್-ಗಾರ್ಡ್ನರ್, ಎಲ್ಲ ಇದೇ ಸುತ್ತಮುತ್ತ ಇದ್ದ ಕಂಪನಿಗಳು. ಇವತ್ತಿಗೂ ಇಲ್ಲಿ ಮನೆಯ ನೆಲಮಾಳಿಗೆಯಲ್ಲಿ ಇಂಥ ಯಂತ್ರ ಇಟ್ಟುಕೊಂಡವರು ಸಿಗುತ್ತಾರೆ.

ನನಗೆ ಕೆಲಸ ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಮೆಕ್ಯಾನಿಕ್. ಇಲ್ಲಿಯ ಪದ್ಧತಿಯಂತೆ ಹೆಸರು ಹಿಡಿದೇ ಕರೆಯುತ್ತೇನೆ. ಮನಸ್ಸಿನೊಳಗೆ ಮಾತ್ರ ಅವರು ಅಜ್ಜ.

ನಾನು ಒಬ್ಬಳೇ ನೋಡಿದ ಮೊದಲ ಯಂತ್ರ ಒಂದು ಗ್ಯಾಲಗಾ. 1981ರ ಗೇಮು. ಜಪಾನಿನ ನಾಮ್ಕೋ ರೂಪಿಸಿದ್ದು, ಅಮೆರಿಕದಲ್ಲಿ ಮಿಡ್ವೇ ಮಾರಿದ್ದು. ಯಾರದೋ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ, ಟ್ರಕ್ಕಿನಲ್ಲಿ ಕುಲುಕಿಕೊಂಡು ನಮ್ಮಲ್ಲಿಗೆ ಬಂದಿತ್ತು. ಸ್ವಿಚ್ ಹಾಕಿದೆ. ಕಪ್ಪು ಪರದೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದೇ ಒಂದು ಗೆರೆ. ಕಣ್ಣು ಚುಚ್ಚುವಷ್ಟು ಬೆಳ್ಳಗೆ, ದಾರ ಇಳಿಬಿಟ್ಟ ಹಾಗೆ.

ಮೊದಲ ಪರೀಕ್ಷೆಯನ್ನು ಸರಿಯಾಗಿಯೇ ಮಾಡಿದೆ. ಕಾಸು ಹಾಕಿದರೆ ಸದ್ದು ಬಂತು. ಸ್ಟಾರ್ಟ್ ಒತ್ತಿದರೆ ರಾಗ ಬಂತು. ಬಟನ್ ಕುಟ್ಟಿದರೆ ಗುಂಡು ಹಾರುವ ಸದ್ದೂ ಬಂತು. ಅಂದರೆ ಗೇಮಿನ ಬೋರ್ಡ್ ಬದುಕಿದೆ, ಕುರುಡಾಗಿ ಆಡುತ್ತಿದೆ. ಇನ್ನೊಂದು ಮಾತೂ ಇದೆ. ಬೋರ್ಡಿನಿಂದ ಸಿಗ್ನಲ್ ಬರದಿದ್ದರೂ ಬ್ರೈಟ್‌ನೆಸ್ ಏರಿಸಿದಾಗ ಪರದೆ ತುಂಬ ಒಂದು ಮಂಕು ಬೆಳಕು ಹರಡಬೇಕು. ಗೆರೆಯಾಗಿ ಮುದುಡಿದೆ ಅಂದರೆ ತೊಂದರೆ ಮಾನಿಟರಿನದೇ.

ಇಲ್ಲಿಯವರೆಗೆ ಸರಿ. ಇಲ್ಲಿಂದ ಮುಂದೆ ದಾರಿ ತಪ್ಪಿತು.

ಡಿಪ್ಲೊಮಾದಲ್ಲಿ ಕಲಿತದ್ದು ನೆನಪಿತ್ತು. ಟ್ಯೂಬಿನ ಕತ್ತಿಗೆ ಯೋಕ್ ಅನ್ನುವ ತಾಮ್ರದ ಸುರುಳಿ ಇರುತ್ತದೆ. ಅದರಲ್ಲಿ ಒಂದು ಜೋಡಿ, ಪರದೆಯ ಮೇಲೆ ಚಿತ್ರ ಬರೆಯುವ ಎಲೆಕ್ಟ್ರಾನ್ ಕಿರಣವನ್ನು ಅಡ್ಡ ಎಳೆಯುತ್ತದೆ, ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಜಾಸ್ತಿ ಸಲ. ಅದು ಹಾರಿಜಾಂಟಲ್. ಇನ್ನೊಂದು ಜೋಡಿ ಮೇಲಿಂದ ಕೆಳಕ್ಕೆ, ಸೆಕೆಂಡಿಗೆ ಸುಮಾರು 60 ಸಲ. ಅದು ವರ್ಟಿಕಲ್. ಪರದೆಯಲ್ಲಿ ಅಡ್ಡ ಗೆರೆ ಮಾತ್ರ ಉಳಿದರೆ ವರ್ಟಿಕಲ್ ಹೋಗಿದೆ. ನಿಂತ ಗೆರೆ ಉಳಿದರೆ ಹಾರಿಜಾಂಟಲ್ ಹೋಗಿದೆ. ನನ್ನ ಕಣ್ಣೆದುರು ಇದ್ದದ್ದು ನಿಂತ ಗೆರೆ. ಹಾರಿಜಾಂಟಲ್ ಅಂತ ತೀರ್ಮಾನ ಮಾಡಿ ಪುಸ್ತಕದಲ್ಲಿ ಬರೆದೂಬಿಟ್ಟೆ.

ಮಾನಿಟರಿನ ಬೋರ್ಡ್ ಹೊರಗೆ ತೆಗೆಯಬೇಕು. ಅದಕ್ಕೆ ಮೊದಲು ಟ್ಯೂಬ್ ಡಿಸ್ಚಾರ್ಜ್ ಮಾಡಬೇಕು. ಕಲರ್ ಟ್ಯೂಬಿನ ಪಕ್ಕದಲ್ಲಿ ಹೀರುಬಟ್ಟಲಿನಂಥ ಒಂದು ರಬ್ಬರ್ ಮುಚ್ಚಳ ಇರುತ್ತದಲ್ಲ, ಅದರ ಕೆಳಗೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತರೂ ಗಾಜು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅವತ್ತು ಅಜ್ಜ ಪಕ್ಕಕ್ಕೆ ಬಂದು ನಿಂತರು. ಮೊದಲು ನನ್ನ ಕೈ ನೋಡಿದರು. ಬಳೆ ತೆಗೆದೆ. ಉಂಗುರ ತೆಗೆದೆ. ಕತ್ತಿನ ಕಡೆ ಬೆರಳು ತೋರಿಸಿದರು. ಕರಿಮಣಿ ಸರ ಶರ್ಟಿನೊಳಗೇ ಇದೆ ಅಂದೆ. "ಬಗ್ಗಿದಾಗ ಎಲ್ಲಿರುತ್ತೆ?" ಅಂದರು. ಬಗ್ಗಿ ನೋಡಿದೆ. ಸರ ಜಾರಿ ಹೊರಗೆ ಬಂದು ನೇತಾಡುತ್ತಿತ್ತು. ಅದನ್ನೂ ತೆಗೆದು ಊಟದ ಡಬ್ಬಿಯೊಳಗೆ ಇಟ್ಟೆ. ಈ ವಿಷಯ ಇವತ್ತಿಗೂ ನಮ್ಮ ಅತ್ತೆಗೆ ಗೊತ್ತಿಲ್ಲ.

ಪ್ಲಗ್ ಕಿತ್ತದ್ದನ್ನು ಎರಡು ಸಲ ನೋಡಬೇಕು. ಉದ್ದ ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೊದಲೇ ಟ್ಯೂಬಿನ ಲೋಹದ ಚೌಕಟ್ಟಿಗೆ ಕ್ಲಿಪ್ ಹಾಕಬೇಕು. ಬೋರ್ಡಿಗೆ ಅಲ್ಲ. ಒಂದು ಕೈ ಜೇಬಿನಲ್ಲಿ. ಇನ್ನೊಂದು ಕೈಯಿಂದ ಸ್ಕ್ರೂಡ್ರೈವರಿನ ತುದಿಯನ್ನು ರಬ್ಬರಿನ ಅಡಿಗೆ ನಿಧಾನಕ್ಕೆ ತೂರಿಸಬೇಕು. ಟಕ್ ಅಂತು. ಮುಗೀತು ಅಂದುಕೊಂಡೆ. ಐದು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡಿಸಿದರು. ಸಣ್ಣಗೆ ಮತ್ತೆ ಟಕ್! ಒಮ್ಮೆ ಖಾಲಿ ಮಾಡಿದ ಟ್ಯೂಬ್ ತಾನಾಗಿಯೇ ಸ್ವಲ್ಪ ಚಾರ್ಜ್ ಮರಳಿ ತಂದುಕೊಳ್ಳುತ್ತದೆ ಅನ್ನುವುದನ್ನು ರೆಕಾರ್ಡಿನಲ್ಲಿ ನಾನು ಬರೆದೇ ಇರಲಿಲ್ಲ.

ಆಮೇಲೆ ಅಜ್ಜ ಎರಡು ದಿನ ಹೊರಗಿನ ಕೆಲಸಕ್ಕೆ ಹೋದರು. ನಾನು ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಪುಟ್ಟ ಬಿಡಿಭಾಗಗಳ, ಸೆಟ್ ತರಿಸಿಕೊಂಡೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷ ಕಳೆದ ಹಾಗೆ ಒಳಗೆ ಒಣಗುತ್ತವೆ. ನಲವತ್ತು ವರ್ಷದ ಮಾನಿಟರಿಗೆ ಎಲ್ಲವನ್ನೂ ಬದಲಿಸುವುದು ಇಲ್ಲಿ ಮಾಮೂಲಿ. ಆದರೆ ನಾನು ಹಾಗೆ ಮಾಡಿದ್ದಕ್ಕೆ ಅಸಲು ಕಾರಣ ಬೇರೆ. ಯಾವುದು ಕೆಟ್ಟಿದೆ ಗೊತ್ತಾಗಲಿಲ್ಲ. ಎಲ್ಲ ಬದಲಿಸಿದರೆ ಅದೂ ಒಂದು ಬದಲಾಗುತ್ತದಲ್ಲ ಅನ್ನುವ ಸೋಮಾರಿ ಲೆಕ್ಕ. ಎರಡು ದಿನ ಬೋರ್ಡನ್ನು ಮಗುಚಿ ಹಾಕಿಕೊಂಡು ಇಪ್ಪತ್ತಕ್ಕೂ ಜಾಸ್ತಿ ಕಿತ್ತು, ಇಪ್ಪತ್ತಕ್ಕೂ ಜಾಸ್ತಿ ಹಾಕಿದೆ. ಜೋಡಿಸಿದೆ. ಸ್ವಿಚ್ ಹಾಕಿದೆ.

ಠಪ್.

ಫ್ಯೂಸ್ ಹೋಯಿತು. ಸುಟ್ಟ ಮೀನಿನಂಥ ವಾಸನೆ. ಒಂದು ಕೆಪಾಸಿಟರನ್ನು ಉಲ್ಟಾ ಹಾಕಿದ್ದೆ. ಅದು ಉಬ್ಬಿ, ತಲೆ ಒಡೆದುಕೊಂಡಿತ್ತು. ಈಗ ಗೆರೆಯೂ ಇಲ್ಲ. ಹಳೇ ರೋಗದ ಮೇಲೆ ನನ್ನ ಕೈಯಾರೆ ಹೊಸದೊಂದು ಸೇರಿತ್ತು. ಯಾವುದು ಯಾವುದರ ಲಕ್ಷಣ ಅಂತ ಯಾರಿಗೆ ಗೊತ್ತು?

ಅಜ್ಜ ಬಂದವರು ಬೈಯಲಿಲ್ಲ. "ಬಲ್ಬ್ ಹಾಕಿದ್ಯಾ?" ಅಂತ ಕೇಳಿದರು. ನಮ್ಮೂರಿನ ಟಿವಿ ರಿಪೇರಿಯವರ ಸೀರೀಸ್ ಬೋರ್ಡ್ ಗೊತ್ತಲ್ಲ, ಅದೇ. ರಿಪೇರಿಯಾದ ಸೆಟ್ಟಿಗೆ ಮೊದಲ ಸಲ ಕರೆಂಟ್ ಕೊಡುವಾಗ ನಡುವೆ 100 ವ್ಯಾಟಿನ ಹಳೇ ಕಾಲದ ಬಲ್ಬ್ ಹಾಕುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಧಗ್ಗನೆ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಟಿವಿ ಅಂಗಡಿಯಲ್ಲಿ ಚಿಕ್ಕಂದಿನಿಂದ ನೋಡಿದ ವಸ್ತು. ಶಿಕಾಗೋದಲ್ಲಿ ನೆನಪಾಗಲಿಲ್ಲ.

ಒಡೆದ ಕೆಪಾಸಿಟರ್ ಬದಲಿಸಿ, ಉಳಿದವುಗಳ ಮೈಮೇಲಿನ ಮೈನಸ್ ಗುರುತಿನ ಪಟ್ಟೆ ಯಾವ ಕಡೆಗಿದೆ ಅಂತ ಒಂದೊಂದಾಗಿ ನೋಡಿ, ಹೊಸ ಫ್ಯೂಸ್ ಹಾಕಿ, ಬಲ್ಬ್ ಮೂಲಕ ಕರೆಂಟ್ ಕೊಟ್ಟೆವು. ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು. ಬಲ್ಬ್ ತೆಗೆದು ನೇರ ಕೊಟ್ಟರೆ ಅದೇ ನಿಂತ ಗೆರೆ. ಆ ಗೆರೆ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಾಳೆ ಹೊಡೆದೆ.

ಅಜ್ಜ ಮಾಡಿದ ಮೊದಲ ಕೆಲಸ ಬ್ರೈಟ್‌ನೆಸ್ ಇಳಿಸಿದ್ದು. ಪರದೆ ತುಂಬ ಹರಡಬೇಕಾದ ಕಿರಣ ಒಂದೇ ಕಡೆ ಬಿದ್ದರೆ ಅಲ್ಲಿ ಗಾಜಿನ ಒಳಗೆ ಬಳಿದ, ಬೆಳಕು ಕೊಡುವ ಫಾಸ್ಫರ್ ಸುಟ್ಟು ಗುರುತು ನಿಂತುಬಿಡುತ್ತದೆ. ಮೊದಲ ದಿನ ನಾನು ಆ ಗೆರೆಯನ್ನು ಹತ್ತು ನಿಮಿಷ ಉರಿಸಿ, ಫೋಟೊ ಬೇರೆ ತೆಗೆದಿದ್ದೆ.

ಆಮೇಲೆ ನನ್ನ ಪುಸ್ತಕ ನೋಡಿದರು. "ಹಾರಿಜಾಂಟಲ್ ಹೋಗಿದ್ದರೆ ಈ ಬೆಳಕು ಎಲ್ಲಿಂದ ಬಂತು?" ಅಂದರು.

ಸುಮ್ಮನಾದೆ. ಇಪ್ಪತ್ತು ಸಾವಿರ ವೋಲ್ಟ್ ಹುಟ್ಟುವುದು ಫ್ಲೈಬ್ಯಾಕ್ ಅನ್ನುವ ಟ್ರಾನ್ಸ್‌ಫಾರ್ಮರಿನಲ್ಲಿ, ನಮ್ಮೂರಿನ ರಿಪೇರಿಯವರು ಇ.ಎಚ್.ಟಿ. ಅನ್ನುವುದು ಇದನ್ನೇ. ಅದನ್ನು ಓಡಿಸುವುದೇ ಹಾರಿಜಾಂಟಲ್ ಸರ್ಕ್ಯೂಟ್. ಅದು ಸತ್ತರೆ ಸಾಮಾನ್ಯವಾಗಿ ಪರದೆ ಪೂರ್ತಿ ಕತ್ತಲೆ. ಗೆರೆ ಇದೆ ಅಂದರೆ ಆ ಅರ್ಧ ಭಾಗ ನೆಟ್ಟಗಿದೆ ಅಂತಲೇ ಅರ್ಥ.

"ಹಾಗಾದ್ರೆ ಗೆರೆ ಅಡ್ಡ ಇರಬೇಕಿತ್ತಲ್ಲ?"

ಅವರು ಯಂತ್ರದ ಹಿಂದಕ್ಕೆ ಕರೆದುಕೊಂಡು ಹೋಗಿ ಟಾರ್ಚ್ ಬಿಟ್ಟರು. ಗ್ಯಾಲಗಾದ ಚಿತ್ರ ಉದ್ದುದ್ದ. ಕೆಳಗೆ ನಮ್ಮ ವಿಮಾನ, ಮೇಲಿಂದ ಹುಳದಂಥ ಶತ್ರುಗಳು. ಅದಕ್ಕಾಗಿ ಮಾಮೂಲಿ ಮಾನಿಟರನ್ನೇ ಮಗ್ಗುಲಿಗೆ ಮಲಗಿಸಿ ಕೂರಿಸಿದ್ದರು. 1980ರ ಪ್ಯಾಕ್-ಮ್ಯಾನ್ ಯಂತ್ರದಲ್ಲೂ ಹೀಗೇ. ಟ್ಯೂಬಿಗೆ ಅದು ಅಡ್ಡ ಗೆರೆಯೇ, ಅಂದರೆ ಹೋಗಿದ್ದು ವರ್ಟಿಕಲ್. ಆಡುವವರ ಎದುರು ನಿಂತ ನನಗೆ ಅದು ನಿಂತ ಗೆರೆ. ಎರಡು ಸಲ ಆ ಟ್ಯೂಬ್ ಡಿಸ್ಚಾರ್ಜ್ ಮಾಡಿದ್ದೆ, ಬೋರ್ಡ್ ಬಿಚ್ಚಿದ್ದೆ, ಸ್ಕ್ರೂಗಳನ್ನು ಡಬ್ಬಿಯಲ್ಲಿ ಜೋಡಿಸಿದ್ದೆ. ಟ್ಯೂಬ್ ಮಲಗಿದೆ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ.

ಮುಂದಿನದು ಬೇಗ ಮುಗಿಯಿತು. ಚೀನೀ ಊಟದ ಜೊತೆ ಬಂದ ಮರದ ಕಡ್ಡಿ ಹಿಡಿದು, ಆನ್ ಇರುವ ಮಾನಿಟರಿನ ಬೋರ್ಡನ್ನು ಅಜ್ಜ ಅಲ್ಲಲ್ಲಿ ಮೆಲ್ಲಗೆ ತಟ್ಟುತ್ತಾ ಹೋದರು. ಯೋಕಿನ ವೈರ್ ಬಂದು ಸೇರುವ ಕನೆಕ್ಟರ್ ಹತ್ತಿರ ತಟ್ಟಿದ್ದೇ ತಡ, ಗೆರೆ ಎರಡೂ ಕಡೆಗೆ ಹರಡಿ ನಕ್ಷತ್ರಗಳು ಕಂಡವು. ಕಡ್ಡಿ ತೆಗೆದರೆ ಮತ್ತೆ ಮುದುಡಿತು. ಮತ್ತೆ ಆಫ್, ಮತ್ತೆ ಡಿಸ್ಚಾರ್ಜ್, ಭೂತಗನ್ನಡಿ. ಕನೆಕ್ಟರಿನ ಒಂದು ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಒಂದು ಕಪ್ಪು ಉಂಗುರ. ಡ್ರೈ ಸೋಲ್ಡರ್! ಬಿಸಿಯಾಗಿ, ತಣ್ಣಗಾಗಿ, ವರ್ಷಗಟ್ಟಲೆ ಸಡಿಲವಾಗುತ್ತಾ ಬಂದದ್ದು ಟ್ರಕ್ಕಿನ ಕುಲುಕಾಟಕ್ಕೆ ಪೂರ್ತಿ ಬಿಟ್ಟುಕೊಂಡಿರಬೇಕು. ಅದೇ ಬೋರ್ಡಿನ ಅದೇ ಮಗ್ಗುಲನ್ನು ನಾನು ಎರಡು ದಿನ ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದೆ. ಹಳೇ ಸೋಲ್ಡರ್ ಹೀರಿ ತೆಗೆದು, ಹೊಸದು ಹಾಕಿದೆ. ಪಕ್ಕದ ಪಿನ್ನುಗಳಿಗೂ ಹಾಕಿದೆ. ಐದು ನಿಮಿಷ ಹಿಡಿಯಿತು.

ನಾನು ಕಿತ್ತು ಹಾಕಿದ್ದ ಹಳೇ ಕೆಪಾಸಿಟರುಗಳನ್ನು ಅಜ್ಜ ಒಂದೊಂದಾಗಿ ಮೀಟರಿಗೆ ಹಿಡಿಯಲು ಹೇಳಿದರು. ಬಹುಪಾಲು ಇನ್ನೂ ಚೆನ್ನಾಗಿದ್ದವು. ಮೂರು ಕೆಟ್ಟುಹೋಗಿದ್ದವು, ಅವು ಯಾವುವೂ ಈ ಗೆರೆಗೆ ಕಾರಣ ಅಲ್ಲ. ಕೆಲಸ ಪೂರ್ತಿ ದಂಡವಾಗಲಿಲ್ಲ ಅಂತ ಅವರು ಹೇಳಿದರು. ಸಮಾಧಾನಕ್ಕೆ ಹೇಳಿದ್ದೋ ನಿಜವೋ, ನಾನು ಕೇಳಲಿಲ್ಲ.

ಚಿತ್ರದ ಅಳತೆ ಹೊಂದಿಸಿ, ಹಿಂಬಾಗಿಲು ಹಾಕುವ ಮೊದಲು ಒಂದು ತುಂಡು ಟೇಪನ್ನು ಮಾನಿಟರಿನ ಚೌಕಟ್ಟಿಗೆ ಅಂಟಿಸಿದೆ. ಟ್ಯೂಬಿನ ನಿಜವಾದ ಮೇಲ್ಭಾಗ ಯಾವ ಕಡೆ ಇದೆಯೋ ಅಲ್ಲಿಗೆ ಬಾಣ ಬರೆದು, ಪಕ್ಕದಲ್ಲಿ "ತಲೆ ಇಲ್ಲಿ" ಅಂತ ಕನ್ನಡದಲ್ಲಿ ಬರೆದೆ. ಅಜ್ಜ ಅದೇನು ಅಂತ ಕೇಳಿದರು. ಹೇಳಿದೆ. "ಮುಂದೆ ರಿಪೇರಿ ಮಾಡುವವನಿಗೆ ಇದು ಹೇಗೆ ಅರ್ಥ ಆಗುತ್ತೆ?" ಅಂದರು. ಬಾಣ ಇದೆಯಲ್ಲ ಅಂದೆ. ಆ ಯಂತ್ರ ಟೇಪಿನ ಜೊತೆಗೇ ಗಿರಾಕಿಯ ಮನೆಗೆ ಹೋಯಿತು.