ಹ್ಯೂಸ್ಟನ್ನಿನ ಶಾಲೆಗಳು ರಾಜ್ಯದ ಕೈಗೆ ಹೋದ ಮೇಲೆ

ಹ್ಯೂಸ್ಟನ್‌ಗೆ ಕೆಲಸದ ಮೇಲೆ ಬರುವ ಕನ್ನಡದ ಕುಟುಂಬಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಐಎಸ್‌ಡಿಯಲ್ಲಿ ಮನೆ ಮಾಡಬೇಕು? ಐಎಸ್‌ಡಿ ಅಂದರೆ ಸ್ವತಂತ್ರ ಶಾಲಾ ಜಿಲ್ಲೆ. ಹೆಚ್ಚಿನವರು ಕೇಟಿ ಕಡೆಗೋ ಶುಗರ್ ಲ್ಯಾಂಡ್ ಕಡೆಗೋ ಹೋಗುತ್ತಾರೆ. ಅಲ್ಲಿ ಶಾಲೆಗಳು ಚೆನ್ನಾಗಿವೆ, ನಮ್ಮವರೂ ಜಾಸ್ತಿ ಇದ್ದಾರೆ. ನನ್ನ ಕೆಲಸ ಮೆಡಿಕಲ್ ಸೆಂಟರ್‌ನಲ್ಲಿ. ಹಾಗಾಗಿ ನಾವು ಊರೊಳಗೇ ಉಳಿದೆವು, ಮಗಳೂ ಹ್ಯೂಸ್ಟನ್ ಐಎಸ್‌ಡಿ ಶಾಲೆಗೇ ಹೋದಳು. 2023ರ ಜೂನ್ 1ರಂದು ಟೆಕ್ಸಸ್ ಸರ್ಕಾರ ಈ ಇಡೀ ಜಿಲ್ಲೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಾಗ ಅದು ನಮ್ಮ ಮನೆಯ ಸುದ್ದಿಯೂ ಆಯಿತು.

ಊರಿನಿಂದ ಅಕ್ಕ ಫೋನ್‌ನಲ್ಲಿ ಕೇಳಿದಳು, "ಅಲ್ವೇ, ಸರ್ಕಾರಿ ಶಾಲೆಯನ್ನ ಸರ್ಕಾರ ತಗೊಂಡ್ರೆ ಅದ್ರಲ್ಲೇನು ಗಲಾಟೆ?" ಅವಳು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು. ಅವಳ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮಲ್ಲಿ ಶಿಕ್ಷಣ ಇಲಾಖೆ ರಾಜ್ಯದ್ದು, ಬಿಇಓ ರಾಜ್ಯದ ಅಧಿಕಾರಿ, ಮೇಷ್ಟ್ರ ವರ್ಗಾವಣೆಯೂ ರಾಜ್ಯದಿಂದಲೇ. ಇಲ್ಲಿ ಹಾಗಲ್ಲ. ಶಾಲಾ ಜಿಲ್ಲೆಗೆ ಅದರದ್ದೇ ಗಡಿ ಇದೆ. ಮನೆ ಮೇಲಿನ ತೆರಿಗೆಯಲ್ಲಿ ದೊಡ್ಡ ಪಾಲು ನೇರವಾಗಿ ಅದಕ್ಕೆ ಹೋಗುತ್ತದೆ. ಅದನ್ನು ನಡೆಸಲು ಜನ ಒಂಬತ್ತು ಟ್ರಸ್ಟಿಗಳನ್ನು ಓಟು ಹಾಕಿ ಆರಿಸುತ್ತಾರೆ. ಬೋರ್ಡು ಎಂದರೆ ಇವರೇ. ಆ ಒಂಬತ್ತು ಜನ ಸೇರಿ ಜಿಲ್ಲೆಯ ಮುಖ್ಯ ಅಧಿಕಾರಿಯಾಗಿ ಸೂಪರಿಂಟೆಂಡೆಂಟ್ ಒಬ್ಬರನ್ನು ನೇಮಿಸುತ್ತಾರೆ. ನಗರದ ಮೇಯರ್‌ಗೂ ಇದರಲ್ಲಿ ಅಧಿಕಾರ ಇಲ್ಲ. ಹ್ಯೂಸ್ಟನ್ ಐಎಸ್‌ಡಿಯಲ್ಲಿ ಆಗ ಸುಮಾರು 1,90,000 ಮಕ್ಕಳು, 270ಕ್ಕೂ ಹೆಚ್ಚು ಶಾಲೆಗಳು. ಟೆಕ್ಸಸ್‌ನಲ್ಲಿ ಇದಕ್ಕಿಂತ ದೊಡ್ಡ ಶಾಲಾ ಜಿಲ್ಲೆ ಇಲ್ಲ. ಮಕ್ಕಳಲ್ಲಿ ಹೆಚ್ಚಿನವರು ಲ್ಯಾಟಿನೋ ಮತ್ತು ಕಪ್ಪು ಕುಟುಂಬದವರು, ಬಹುಪಾಲು ಬಡವರು.

ಇಷ್ಟು ದೊಡ್ಡ ಜಿಲ್ಲೆ ಕೈಬದಲಾಗಲು ಕಾನೂನಿನ ಪ್ರಕಾರ ನೆಪವಾಗಿದ್ದು ಮುಖ್ಯವಾಗಿ ಒಂದು ಹೈಸ್ಕೂಲು. ಫಿಲಿಸ್ ವೀಟ್ಲಿ ಹೈಸ್ಕೂಲು, ಫಿಫ್ತ್ ವಾರ್ಡ್‌ನಲ್ಲಿದೆ. ಗುಲಾಮಳಾಗಿ ಅಮೆರಿಕಕ್ಕೆ ಬಂದು ಕವಿಯಾದ ಹೆಣ್ಣುಮಗಳ ಹೆಸರು ಅದಕ್ಕೆ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಎಂಬ ಕಾಲದಲ್ಲಿ ಇದು ಹೆಸರುವಾಸಿಯಾಗಿತ್ತು. ದಕ್ಷಿಣದ ರಾಜ್ಯಗಳಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಬಾರ್ಬರಾ ಜೋರ್ಡನ್ ಓದಿದ್ದು ಇಲ್ಲೇ. ಆಮೇಲೆ ಬೀದಿಯ ಮಧ್ಯೆ ಹೆದ್ದಾರಿ ಹಾದುಹೋಯಿತು, ಅನುಕೂಲ ಇದ್ದವರು ಬೇರೆ ಕಡೆ ಹೋದರು. ರೈಲ್ವೆ ಯಾರ್ಡ್‌ನಲ್ಲಿ ಮರದ ದಿಮ್ಮಿಗೆ ಬಳಸುತ್ತಿದ್ದ ಕ್ರಿಯೋಸೋಟ್ ಎಂಬ ವಿಷದ ಎಣ್ಣೆ ಮಣ್ಣು ಸೇರಿತು, ಆ ಬಡಾವಣೆಯಲ್ಲಿ ಕ್ಯಾನ್ಸರ್ ಹೆಚ್ಚಿರುವುದನ್ನು ರಾಜ್ಯದ ಆರೋಗ್ಯ ಇಲಾಖೆಯೇ ಗುರುತಿಸಿತು. ಉಳಿದ ಮಕ್ಕಳು ಉಳಿದ ಶಾಲೆಯಲ್ಲಿ ಓದಿದರು. ಪರೀಕ್ಷೆಯ ಅಂಕ ವರ್ಷ ವರ್ಷವೂ ಕುಸಿಯಿತು.

2015ರಲ್ಲಿ ಟೆಕ್ಸಸ್ ಒಂದು ಕಾನೂನು ಮಾಡಿತು. ಯಾವುದೇ ಒಂದು ಶಾಲೆ ಸತತ ಐದು ಸಲ ಫೇಲಾದರೆ, ರಾಜ್ಯದ ಶಿಕ್ಷಣ ಕಮಿಷನರ್ ಆ ಶಾಲೆಯನ್ನು ಮುಚ್ಚಬೇಕು, ಇಲ್ಲವೇ ಇಡೀ ಜಿಲ್ಲೆಗೆ ತನ್ನ ಆಡಳಿತ ಮಂಡಳಿಯನ್ನು ಕೂರಿಸಬೇಕು. ಈ ನಿಯಮವನ್ನು ಮುಂದೆ ತಳ್ಳಿದ್ದು ಹೆರಾಲ್ಡ್ ಡಟನ್ ಎಂಬ ಶಾಸಕರು. ಅವರು ಫಿಫ್ತ್ ವಾರ್ಡ್‌ನವರೇ, ವೀಟ್ಲಿಯಲ್ಲೇ ಓದಿದವರು, ಡೆಮಾಕ್ರಟಿಕ್ ಪಕ್ಷದವರು. ತಾನು ಕಲಿತ ಶಾಲೆ ಕಣ್ಣೆದುರೇ ಕೊರಗುತ್ತಿದ್ದರೂ ಬೋರ್ಡಿನವರು ಗಮನ ಕೊಡುತ್ತಿಲ್ಲ ಎಂಬ ಸಿಟ್ಟು ಅವರಿಗಿತ್ತು. ಆ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಹಳೆಯ ಬೋರ್ಡು ನಿಜಕ್ಕೂ ಮರ್ಯಾದೆ ಉಳಿಸಿಕೊಂಡಿರಲಿಲ್ಲ. 2018ರಲ್ಲಿ ಕೆಲವು ಟ್ರಸ್ಟಿಗಳು ಗುಟ್ಟಾಗಿ ಸೇರಿ ಸೂಪರಿಂಟೆಂಡೆಂಟ್ ಬದಲಿಸಲು ಮಾತಾಡಿಕೊಂಡಿದ್ದು ರಾಜ್ಯದ ತನಿಖೆಯಲ್ಲಿ ಬಯಲಾಯಿತು. ವಿಶೇಷ ಅಗತ್ಯದ ಮಕ್ಕಳಿಗೆ ಕಾನೂನಿನಂತೆ ಸಿಗಬೇಕಾದ ಸಹಾಯವೂ ಸರಿಯಾಗಿ ಸಿಗುತ್ತಿರಲಿಲ್ಲ.

ರಾಜ್ಯ ಪ್ರತಿ ಶಾಲೆಗೂ ಜಿಲ್ಲೆಗೂ ಎ-ಯಿಂದ ಎಫ್‌ವರೆಗೆ ಗ್ರೇಡು ಕೊಡುತ್ತದೆ, ಎಫ್ ಅಂದರೆ ಫೇಲು. 2019ರಲ್ಲಿ ವೀಟ್ಲಿ ಮತ್ತೆ ಎಫ್ ಪಡೆಯಿತು. ಜಿಲ್ಲೆಯನ್ನು ತೆಗೆದುಕೊಳ್ಳುತ್ತೇವೆ ಎಂದು ಕಮಿಷನರ್ ಮೈಕ್ ಮೊರಾತ್ ಆ ನವೆಂಬರ್‌ನಲ್ಲಿ ಹೇಳಿದರು. ಬೋರ್ಡು ಕೋರ್ಟಿಗೆ ಹೋಯಿತು, ತಡೆ ಸಿಕ್ಕಿತು. ಕೇಸು ನಡೆಯುತ್ತಿದ್ದಾಗಲೇ, 2022ರಲ್ಲಿ, ವೀಟ್ಲಿಗೆ ಸಿ ಬಂತು. ಆ ವರ್ಷ ಇಡೀ ಜಿಲ್ಲೆಗೆ ಬಿ ಬಂತು. ಅಂದರೆ ರಾಜ್ಯ ಒಳಗೆ ಬರುವ ಹೊತ್ತಿಗೆ ಆ ಶಾಲೆ ಪಾಸಾಗಿತ್ತು! ಆದರೂ 2023ರ ಜನವರಿಯಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ತಡೆ ತೆಗೆಯಿತು. ಹಳೆಯ ಐದು ಫೇಲು ಕಾನೂನಿನ ಲೆಕ್ಕದಲ್ಲಿ ಹಾಗೇ ಉಳಿದಿತ್ತು. ಮಾರ್ಚ್ 15ಕ್ಕೆ ಘೋಷಣೆ, ಜೂನ್ 1ಕ್ಕೆ ಹೊಸ ಆಡಳಿತ. ಕಮಿಷನರ್ ಅನ್ನು ನೇಮಿಸುವುದು ಗವರ್ನರ್. ಗವರ್ನರ್ ರಿಪಬ್ಲಿಕನ್, ಹ್ಯೂಸ್ಟನ್ ಬಹುಕಾಲದಿಂದ ಡೆಮಾಕ್ರಟಿಕ್ ಪಕ್ಷದ ಕಡೆಗಿರುವ ನಗರ. ಇಲ್ಲಿಯ ಜನ ಇದನ್ನು ಶಾಲೆಯ ವಿಷಯ ಅಂತ ಮಾತ್ರ ನೋಡಲಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರು ಫಿಫ್ತ್ ವಾರ್ಡ್‌ನಲ್ಲೇ ಬೆಳೆದವರು. ಬೋರ್ಡಿನ ಮೇಲೆ ಅವರಿಗೆ ಇದ್ದಷ್ಟು ಕೋಪ ನಾನು ಬೇರೆಯವರಲ್ಲಿ ನೋಡಿಲ್ಲ. ಆದರೆ ಘೋಷಣೆ ಬಂದ ವಾರ ಅವರು ಹೇಳಿದ್ದು ಬೇರೆಯೇ. ತನ್ನ ಅಮ್ಮ ಓಟು ಹಾಕಲು ಪೋಲ್ ಟ್ಯಾಕ್ಸ್ ಕಟ್ಟಬೇಕಿತ್ತು, ಆ ಓಟನ್ನು ಹೀಗೆ ಸುಮ್ನೆ ಕಿತ್ತುಕೊಳ್ಳಬಹುದಾ ಎಂದು ಕೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಕಮಿಷನರ್ ಒಂಬತ್ತು ಜನರ ಮಂಡಳಿ ನೇಮಿಸಿದರು. ಎಲ್ಲರೂ ಹ್ಯೂಸ್ಟನ್ನಿನವರೇ, ಆದರೆ ಯಾರನ್ನೂ ಜನ ಆರಿಸಿದ್ದಲ್ಲ. ಆರಿಸಿ ಬಂದ ಟ್ರಸ್ಟಿಗಳ ಸ್ಥಾನ ಹೆಸರಿಗೆ ಉಳಿಯಿತು, ಅಧಿಕಾರ ಹೋಯಿತು. ಸೂಪರಿಂಟೆಂಡೆಂಟ್ ಆಗಿ ಬಂದವರು ಮೈಕ್ ಮೈಲ್ಸ್. ಮೊದಲು ಸೇನೆಯಲ್ಲಿ, ಆಮೇಲೆ ವಿದೇಶಾಂಗ ಇಲಾಖೆಯಲ್ಲಿದ್ದವರು. 2012ರಿಂದ 2015ರವರೆಗೆ ಡಲ್ಲಾಸ್ ಶಾಲೆಗಳ ಮುಖ್ಯಸ್ಥರಾಗಿದ್ದವರು, ನಂತರ ಸ್ವಂತ ಚಾರ್ಟರ್ ಶಾಲೆಗಳ (ಸರ್ಕಾರದ ದುಡ್ಡಿನಲ್ಲಿ ಖಾಸಗಿಯವರು ನಡೆಸುವ ಶಾಲೆ) ಸರಣಿ ನಡೆಸಿದವರು.

ಅವರು ತಂದ ಪದ್ಧತಿಯ ಹೆಸರು ಹೊಸ ಶಿಕ್ಷಣ ವ್ಯವಸ್ಥೆ. ಎಲ್ಲರೂ ಎನ್‌ಇಎಸ್ ಅನ್ನುತ್ತಾರೆ. ಮೊದಲ ವರ್ಷ 85 ಶಾಲೆ, ಮರುವರ್ಷ 130. ಇದು ಹೇಗಿರುತ್ತದೆ ಅಂತ ನಾನು ತಿಳಿದುಕೊಂಡಿದ್ದು ನಮ್ಮ ಬೀದಿಯ ಒಬ್ಬ ಹುಡುಗನಿಂದ. ಅವನ ಶಾಲೆ ಎನ್‌ಇಎಸ್ ಪಟ್ಟಿಯಲ್ಲಿತ್ತು. ಸಂಜೆ ಕೆಲವೊಮ್ಮೆ ಗಣಿತ ಕೇಳಲು ನಮ್ಮ ಮನೆಗೆ ಬರುತ್ತಿದ್ದ. ಟೀಚರ್ ತೋರಿಸುವ ಸ್ಲೈಡುಗಳು ಮುಖ್ಯ ಕಚೇರಿಯಿಂದಲೇ ಬರುತ್ತವೆ. ಗೋಡೆಯ ಮೇಲೆ ಟೈಮರ್ ಓಡುತ್ತಿರುತ್ತದೆ. ಪಾಠದ ಮಧ್ಯೆ ಕೆಲವೇ ನಿಮಿಷಕ್ಕೊಮ್ಮೆ ಎಲ್ಲ ಮಕ್ಕಳೂ ಏನಾದರೂ ಉತ್ತರಿಸಬೇಕು, ಕೈಹಲಗೆ ಮೇಲೆ ಬರೆದು ಎತ್ತಬೇಕು, ಇಲ್ಲವೇ ಪಕ್ಕದವನಿಗೆ ಹೇಳಬೇಕು. ಪಾಠ ಮುಗಿದ ಕೂಡಲೇ ಹತ್ತು ನಿಮಿಷದ ಒಂದು ಪುಟ್ಟ ಪರೀಕ್ಷೆ, ದಿನವೂ. ಅದಕ್ಕೆ ಡಿಓಎಲ್ ಅಂತ ಹೆಸರು. ಟೀಚರ್ ಅಲ್ಲೇ ತಿದ್ದುತ್ತಾರೆ. ಸರಿ ಬರೆದವರು ಎದ್ದು ಟೀಮ್ ಸೆಂಟರ್‌ಗೆ ಹೋಗಿ ಮುಂದಿನ ಹಾಳೆ ಮಾಡುತ್ತಾರೆ. ತಪ್ಪಿದವರು ಕ್ಲಾಸಿನಲ್ಲೇ ಉಳಿದು ಅದೇ ಪಾಠವನ್ನು ಟೀಚರ್ ಹತ್ತಿರ ಮತ್ತೆ ಕೇಳುತ್ತಾರೆ. ಯಾರು ಎದ್ದರು, ಯಾರು ಕೂತರು ಅಂತ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ.

ಆ ಹುಡುಗನಿಗೆ ಭಿನ್ನರಾಶಿ ಚೆನ್ನಾಗಿ ಬಂತು. ಇದನ್ನು ನಾನು ಮುಚ್ಚಿಡುವುದಿಲ್ಲ. ಹಿಂದಿನ ವರ್ಷ ಅವನಿಗೆ ಗಣಿತಕ್ಕೆ ಕಾಯಂ ಟೀಚರೇ ಇರಲಿಲ್ಲ. ಈಗ ದಿನವೂ ಪಾಠ ಆಗುತ್ತಿತ್ತು, ಅರ್ಥವಾಗದಿದ್ದರೆ ಅವತ್ತೇ ಯಾರೋ ಗಮನಿಸುತ್ತಿದ್ದರು. ಬಡ ಮಕ್ಕಳ ಶಾಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಒಳ್ಳೆಯ ಶಿಕ್ಷಕರು ಕಷ್ಟದ ಶಾಲೆಗಳಿಗೆ ಬರಲಿ ಎಂದು ಅಲ್ಲಿ ಸಂಬಳವನ್ನೂ ಹೆಚ್ಚು ಮಾಡಿದರು.

ಆದರೆ ಆ ಟೀಮ್ ಸೆಂಟರ್ ಮೊದಲು ಏನಾಗಿತ್ತು ಗೊತ್ತಾ? ಅನೇಕ ಶಾಲೆಗಳಲ್ಲಿ ಅದು ಲೈಬ್ರರಿ. ಎನ್‌ಇಎಸ್ ಶಾಲೆಗಳಲ್ಲಿ ಲೈಬ್ರರಿಯನ್ ಹುದ್ದೆಗಳನ್ನೇ ತೆಗೆದರು. ಪುಸ್ತಕದ ಕಪಾಟುಗಳ ಜಾಗದಲ್ಲಿ ಸಾಲು ಮೇಜು ಬಂತು. ಕ್ಲಾಸಿನಲ್ಲಿ ಗಲಾಟೆ ಮಾಡಿದ ಮಕ್ಕಳನ್ನೂ ಅಲ್ಲಿಗೇ ಕಳಿಸಿ, ಪಾಠವನ್ನು ಕಂಪ್ಯೂಟರ್‌ನಲ್ಲಿ ನೋಡಲು ಹೇಳಿದರು. ಆಗಿನ ಮೇಯರ್ ಸಿಲ್ವೆಸ್ಟರ್ ಟರ್ನರ್ ಬಹಿರಂಗವಾಗಿಯೇ ಇದನ್ನು ವಿರೋಧಿಸಿದರು. ಓದಿ ಹೇಳುವವರಿಲ್ಲದ, ಪುಸ್ತಕ ಕೊಳ್ಳಲು ಆಗದ ಮನೆಯ ಮಗುವಿಗೆ ಶಾಲೆಯ ಲೈಬ್ರರಿಯೇ ದಿಕ್ಕು. ಅದನ್ನು ತೆಗೆಯಲು ಅಂಕದ ಕಾರಣ ಸಾಕಾಗುತ್ತದೆ ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ನನ್ನ ಮಗಳ ಶಾಲೆಯಲ್ಲಿ ಲೈಬ್ರರಿ ಉಳಿಯಿತು. ಅದು ಮೊದಲಿನಿಂದಲೂ ಒಳ್ಳೆಯ ಗ್ರೇಡಿನ ಶಾಲೆ, ಡಾಕ್ಟರು ಎಂಜಿನಿಯರುಗಳ ಮಕ್ಕಳು ಜಾಸ್ತಿ. ಅಲ್ಲಿ ಟೈಮರ್ ಇಲ್ಲ, ಕಚೇರಿಯ ಸ್ಲೈಡು ಇಲ್ಲ. ಟೀಚರ್ ತಮಗೆ ತೋಚಿದಂತೆ ಕಥೆ ಹೇಳುತ್ತಾ ಪಾಠ ಮಾಡಬಹುದು. ಒಂದೇ ಜಿಲ್ಲೆ, ಒಂದೇ ಸೂಪರಿಂಟೆಂಡೆಂಟ್, ಕಾರಿನಲ್ಲಿ ಕಾಲು ಗಂಟೆಯ ದೂರ. ಗಟ್ಟಿ ದನಿ ಇರುವವರ ಮಕ್ಕಳಿಗೆ ಒಂದು ಶಾಲೆ, ಇಲ್ಲದವರ ಮಕ್ಕಳಿಗೆ ಇನ್ನೊಂದು. ಇದು ಟೇಕೋವರ್‌ಗೆ ಮೊದಲೂ ಇತ್ತು, ನಿಜ. ಆದರೆ ಆಗ ಫಿಫ್ತ್ ವಾರ್ಡ್‌ನ ತಾಯಿಗೆ ಕನಿಷ್ಠ ಒಂದು ಓಟಿತ್ತು. ತನ್ನ ಭಾಗದ ಟ್ರಸ್ಟಿಯನ್ನು ಸೋಲಿಸುವ ಹಕ್ಕಿತ್ತು. ಈಗ ಬೋರ್ಡ್ ಸಭೆಯಲ್ಲಿ ಮೈಕ್ರೋಫೋನ್ ಮುಂದೆ ಸರದಿಯಲ್ಲಿ ನಿಂತು ಮಾತಾಡಬಹುದು, ಅಷ್ಟೇ. ಮುಂದೆ ಕೂತವರು ಅವಳಿಗೆ ಉತ್ತರ ಕೊಡಬೇಕಾಗಿಲ್ಲ, ಮುಂದಿನ ಚುನಾವಣೆಯಲ್ಲಿ ಅವಳ ಮನೆ ಬಾಗಿಲಿಗೆ ಬರಬೇಕಾಗಿಯೂ ಇಲ್ಲ.

ಅಂಕಗಳು ಏರಿದವು. 2023ರಲ್ಲಿ 121 ಶಾಲೆಗಳಿಗೆ ಡಿ ಅಥವಾ ಎಫ್ ಇತ್ತು, ಅದರಲ್ಲಿ 56 ಎಫ್. 2025ರಲ್ಲಿ ಒಂದು ಶಾಲೆಗೂ ಎಫ್ ಬರಲಿಲ್ಲ. ದಿನದಿನದ ಪರೀಕ್ಷೆಗೆ ಒಗ್ಗಿಸಿದ್ದರಿಂದ ಅಂಕ ಬಂತು ಅನ್ನುವವರಿದ್ದಾರೆ. ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಮಕ್ಕಳು ನಿಜವಾಗಿ ಕಲಿತಿದ್ದಾರೆ. ಆದರೆ ಇದೇ ಅವಧಿಯಲ್ಲಿ ಸಾವಿರಾರು ಶಿಕ್ಷಕರು ಬಿಟ್ಟುಹೋದರು, ಸರ್ಟಿಫಿಕೇಟ್ ಇಲ್ಲದ ಶಿಕ್ಷಕರ ಸಂಖ್ಯೆ ಹೆಚ್ಚಾಯಿತು. ಹೆತ್ತವರು ಮೆಚ್ಚಿದ್ದ ಹೆಡ್ಮಾಸ್ಟರುಗಳನ್ನು 2024ರಲ್ಲಿ ಕೆಲಸದಿಂದ ಇಳಿಸಿದಾಗ ಮಕ್ಕಳೂ ಹೆತ್ತವರೂ ರಸ್ತೆಗಿಳಿದರು. ಮಕ್ಕಳ ಸಂಖ್ಯೆಯೂ ವರ್ಷ ವರ್ಷ ಸಾವಿರಗಟ್ಟಲೆ ಇಳಿಯಿತು. ಹೋಗಲು ಆದವರು ಚಾರ್ಟರ್ ಶಾಲೆಗೋ ಪಕ್ಕದ ಜಿಲ್ಲೆಗೋ ಹೋದರು.

ನಂಬಿಕೆ ಎಷ್ಟು ಉಳಿದಿತ್ತು ಅಂತ ಗೊತ್ತಾಗಿದ್ದು 2024ರ ನವೆಂಬರ್‌ನಲ್ಲಿ. ಆಡಳಿತ 440 ಕೋಟಿ ಡಾಲರ್ ಸಾಲ ಎತ್ತುವ ಬಾಂಡ್‌ಗೆ ಜನರ ಒಪ್ಪಿಗೆ ಕೇಳಿತು. ಟೆಕ್ಸಸ್‌ನಲ್ಲಿ ಯಾವ ಶಾಲಾ ಜಿಲ್ಲೆಯೂ ಅಷ್ಟು ದೊಡ್ಡ ಬಾಂಡ್ ಕೇಳಿರಲಿಲ್ಲ. ತೆರಿಗೆ ದರ ಏರುವುದಿಲ್ಲ ಎಂದು ಭರವಸೆಯನ್ನೂ ಕೊಟ್ಟಿತು. ಹಳೆಯ ಕಟ್ಟಡ, ಕೆಟ್ಟ ಏಸಿ, ಸೀಸ ಬೆರೆತ ಕುಡಿಯುವ ನೀರಿನ ಪೈಪು, ಎಲ್ಲ ಸರಿಮಾಡಬೇಕಿತ್ತು. ಹ್ಯೂಸ್ಟನ್ನಿನ ಆಗಸ್ಟ್ ಸೆಕೆಯಲ್ಲಿ ಏಸಿ ಇಲ್ಲದ ಕ್ಲಾಸು ಎಂದರೆ ಪಾಠವೇ ಇಲ್ಲ. 2012ರಲ್ಲಿ ಇದೇ ಜನ 189 ಕೋಟಿ ಡಾಲರ್ ಬಾಂಡ್‌ಗೆ ಖುಷಿಯಿಂದ ಹೂಂ ಅಂದಿದ್ದರು. ಈ ಸಲ ನೂರಕ್ಕೆ 58 ಜನ ಬೇಡ ಅಂದರು. ಡೆಮಾಕ್ರಟಿಕ್ ಪಕ್ಷವೂ ರಿಪಬ್ಲಿಕನ್ ಪಕ್ಷವೂ ಸೇರಿ ವಿರೋಧಿಸಿದ ಅಪರೂಪದ ವಿಷಯ ಇದು. ನಂಬಿಕೆ ಇಲ್ಲದಿದ್ದರೆ ಬಾಂಡೂ ಇಲ್ಲ ಎಂಬ ಫಲಕಗಳು ಮನೆ ಮನೆಯ ಅಂಗಳದಲ್ಲಿದ್ದವು. ನಾನೂ ಬೇಡ ಎಂದೇ ಓಟು ಹಾಕಿದೆ. ಹಾಕುವಾಗ ಸಂಕಟವಾಯಿತು, ಏಕೆಂದರೆ ಆ ದುಡ್ಡು ಹೆಚ್ಚು ಬೇಕಿದ್ದದ್ದು ಆ ಹುಡುಗನ ಶಾಲೆಯಂಥ ಶಾಲೆಗಳಿಗೇ. ಆದರೆ ಶಾಲೆಯ ಬಗ್ಗೆ ನಮ್ಮನ್ನು ಕೇಳಿದ್ದು ಅದೊಂದೇ ಸಲ.

ಬೆಂಗಳೂರಿನವರಿಗೆ ಈ ಮಾತು ಬೇಗ ಅರ್ಥವಾಗಬಹುದು. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ನಗರ ನಡೆಸಿದ್ದು. ಕೆಲವು ರಸ್ತೆ ಚೆನ್ನಾಗಿಯೂ ಆಗಿರಬಹುದು. ಆದರೆ ಚರಂಡಿ ಉಕ್ಕಿದಾಗ ಯಾರ ಮನೆ ಮುಂದೆ ಹೋಗಿ ಕೇಳಬೇಕು? ಕಾರ್ಪೊರೇಟರ್ ಎಷ್ಟೇ ಕೆಟ್ಟವನಾಗಿದ್ದರೂ ಅವನ ಮನೆ ಎಲ್ಲಿದೆ ಅಂತ ಗೊತ್ತಿತ್ತು.

ಅಮೆರಿಕದಲ್ಲಿ ಟೇಕೋವರ್ ಹೊಸದೇನಲ್ಲ. ನ್ಯೂಜೆರ್ಸಿಯ ನ್ಯೂವರ್ಕ್ ಶಾಲೆಗಳನ್ನು ರಾಜ್ಯ 1995ರಲ್ಲಿ ತೆಗೆದುಕೊಂಡಿತು. ಪೂರ್ತಿ ವಾಪಸು ಕೊಟ್ಟಿದ್ದು 2018ರಲ್ಲಿ. ಒಂದು ಇಡೀ ಪೀಳಿಗೆ ಓದಿ ಮುಗಿಸಿತು. ಮ್ಯಾಸಚೂಸೆಟ್ಸ್‌ನ ಲಾರೆನ್ಸ್‌ನಲ್ಲಿ ಗಣಿತದ ಅಂಕ ಚೆನ್ನಾಗಿ ಏರಿತು. ಆದರೆ ಬೆತ್ ಶೂಲರ್ ಮತ್ತು ಜೋಶುವಾ ಬ್ಲೈಬರ್ಗ್ ಎಂಬ ಸಂಶೋಧಕರು ದೇಶದ ಉದ್ದಗಲದ ಟೇಕೋವರ್‌ಗಳನ್ನು ಒಟ್ಟಿಗೆ ನೋಡಿದಾಗ, ಸರಾಸರಿ ಲೆಕ್ಕದಲ್ಲಿ ಕಲಿಕೆ ಸುಧಾರಿಸಿದ್ದು ಕಾಣಲಿಲ್ಲ. ಕಪ್ಪು ಮತ್ತು ಬಡ ಮಕ್ಕಳು ಹೆಚ್ಚಿರುವ ಜಿಲ್ಲೆಗಳೇ ಹೆಚ್ಚಾಗಿ ರಾಜ್ಯದ ಕೈಗೆ ಹೋಗುತ್ತವೆ ಎಂಬುದು ಕಂಡಿತು.

ಶಾಲೆ ಕೆಟ್ಟಾಗ ರಾಜ್ಯ ಕೈಕಟ್ಟಿ ಕೂರಬೇಕು ಅಂತ ನಾನು ಹೇಳುತ್ತಿಲ್ಲ. ದುಡ್ಡು ಕೊಡಲಿ, ಒಳ್ಳೆಯ ಟೀಚರ್‌ಗಳನ್ನು ಕಳಿಸಲಿ, ಕಳ್ಳ ಲೆಕ್ಕ ಇದ್ದರೆ ಹಿಡಿಯಲಿ, ಆ ಒಂದು ಶಾಲೆಯ ಮೇಲೆ ಕಣ್ಣಿಟ್ಟು ಕೂರಲಿ. ಒಂದು ಹೈಸ್ಕೂಲಿಗಾಗಿ ಇಡೀ ನಗರದ ಓಟನ್ನು ಪಕ್ಕಕ್ಕಿಡುವ ಕಾನೂನು ತಪ್ಪು. ಆದರೆ ಟೆಕ್ಸಸ್ ಅದೇ ದಾರಿಯಲ್ಲಿ ಮುಂದೆ ಹೋಗುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಫೋರ್ಟ್ ವರ್ತ್ ಜಿಲ್ಲೆಯ ಟೇಕೋವರ್ ಕೂಡ ಘೋಷಣೆಯಾಯಿತು. ಅಲ್ಲೂ ಕಾರಣ ಒಂದು ಶಾಲೆಯ ಸತತ ಫೇಲು.

ಹ್ಯೂಸ್ಟನ್ನಿನ ಅವಧಿಯನ್ನು 2027ರ ಜೂನ್ 1ರವರೆಗೆ ಮುಂದೂಡಿದ್ದಾರೆ. ಆಗ ಮುಗಿಸಲು ಒಪ್ಪಿದರೂ ಎಲ್ಲ ಅಧಿಕಾರ ಒಟ್ಟಿಗೆ ಬರುವುದಿಲ್ಲ. ಆರಿಸಿ ಬಂದ ಟ್ರಸ್ಟಿಗಳು ಮೂರನೇ ಒಂದು ಭಾಗದಂತೆ ಹಂತ ಹಂತವಾಗಿ ಮಂಡಳಿಗೆ ಮರಳಬೇಕು. ಟ್ರಸ್ಟಿ ಚುನಾವಣೆ ಮಾತ್ರ ಈಗಲೂ ನಡೆಯುತ್ತಿದೆ. ಗೆದ್ದರೆ ಅಧಿಕಾರ ಇಲ್ಲ ಅಂತ ಗೊತ್ತಿದ್ದೂ ಜನ ನಿಲ್ಲುತ್ತಾರೆ, ಪ್ರಚಾರ ಮಾಡುತ್ತಾರೆ. ಲೈಬ್ರರಿ ವಾಪಸು ತರುತ್ತೇವೆ ಎಂದು ಬಾಗಿಲು ತಟ್ಟುವವರ ಹತ್ತಿರ ನಾನು ಕೇಳುವುದು ಒಂದೇ, ಯಾವ ಶಾಲೆಯಿಂದ ಶುರುಮಾಡುತ್ತೀರಿ ಅಂತ.