ಹೃದಯವೂ ಒಂದು ಗ್ರಂಥಿ

ಅತ್ತೆಯ ರಕ್ತಪರೀಕ್ಷೆಯ ವರದಿ ಬಂತು. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ ರಕ್ತದ ಸಕ್ಕರೆ 162 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ). ಸಕ್ಕರೆ ಕಾಯಿಲೆಯ ಗಡಿ 200, ಹಾಗಾಗಿ ಅವರಿಗೆ ನೆಮ್ಮದಿ. ನನಗಿಲ್ಲ. 140 ದಾಟಿತೆಂದರೆ ದೇಹ ಗ್ಲೂಕೋಸನ್ನು ನಿಭಾಯಿಸಲು ಆಗಲೇ ತಿಣುಕುತ್ತಿದೆ ಎಂದರ್ಥ.

ಇದನ್ನೇ ಓದುತ್ತಾ ಹೋದಾಗ ಸಿಕ್ಕಿದ್ದು ಹೃದಯದ ಹಾರ್ಮೋನುಗಳ ವಿಷಯ. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಅವರ ತಂಡ ಇಲಿಯ ಹೃತ್ಕರ್ಣದ (ಹೃದಯದ ಮೇಲಿನ ಕೋಣೆಯ) ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿತು. ಅವುಗಳ ಮೂತ್ರದಲ್ಲಿ ಉಪ್ಪು, ನೀರು ಧಾರಾಳವಾಗಿ ಹೊರಬಂದವು. ಬರೀ ಪಂಪ್ ಎಂದುಕೊಂಡಿದ್ದ ಹೃದಯ ಮೂತ್ರಪಿಂಡಕ್ಕೆ ಸಂದೇಶ ಕಳುಹಿಸುತ್ತಿತ್ತು! ಹೃದಯದ ಗೋಡೆ ಹಿಗ್ಗಿದಾಗ ಒಸರುವ ಈ ಹಾರ್ಮೋನುಗಳು ರಕ್ತನಾಳಗಳನ್ನು ಸಡಿಲಿಸುತ್ತವೆ, ಕೊಬ್ಬನ್ನೂ ಕರಗಿಸುತ್ತವೆ. ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಇರುವವರಲ್ಲಿ ಇವುಗಳ ಮಟ್ಟ ಸಾಮಾನ್ಯವಾಗಿ ಕಡಿಮೆ. (ಹಾಗೆಂದು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲ. ಹೃದಯ ಸೋಲುವಾಗಲೂ ಇವು ಏರುತ್ತವೆ.)

ಬಿರುಸಾಗಿ ನಡೆದಾಗ ಹೃದಯಕ್ಕೆ ಮರಳುವ ರಕ್ತ ಹೆಚ್ಚಿ, ಈ ಒಸರುವಿಕೆಯೂ ಹೆಚ್ಚುತ್ತದೆ. ಅಂದರೆ ಮಾರುಕಟ್ಟೆಗೆ ನಡೆದು ಹೋಗುವುದೂ ಹೃದಯದೊಂದಿಗೆ ಒಂದು ಸಂಭಾಷಣೆ. ನನಗೆ ಇದು ನಿಜಕ್ಕೂ ಅದ್ಭುತ ಎನಿಸುತ್ತದೆ.

2006ರಲ್ಲಿ ಪ್ರಕಟವಾದ ಭಾರತದ್ದೇ ಅಧ್ಯಯನವೊಂದರಲ್ಲಿ, ಅತ್ತೆಯಂತೆ 140 ದಾಟಿ 200 ಮುಟ್ಟದ ಸ್ಥಿತಿಯವರು ಆಹಾರ ಸರಿಪಡಿಸಿಕೊಂಡು, ದಿನಕ್ಕೆ ಅರ್ಧ ಗಂಟೆ ನಡೆದಾಗ ಮಧುಮೇಹದ ಅಪಾಯ ಸುಮಾರು ಶೇ 28ರಷ್ಟು ತಗ್ಗಿತ್ತು. ಮೊದಲೇ ಮೈಮುರಿದು ದುಡಿಯುತ್ತಿದ್ದವರಿಗೆ ಅದನ್ನೇ ಮುಂದುವರಿಸಿ ಎಂದಿದ್ದರು.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಸಂಜೆ ಜೊತೆಗೆ ಬರುವುದಾದರೆ ತಾವೂ ನಡೆಯಲು ಸಿದ್ಧ ಎಂದರು. ಹೋಗುತ್ತೇನೆ.